ಹುಣಸಿ ಮರದಿಂದ ಬಿದ್ದದ್ದು ಹೆಂಗ

೬ ಸೆಪ್ಟೆಂಬರ್ ೨೦೨೪, ಶುಕ್ರವಾರ

ಏಳುಕೋಟಿ ಮಾಲತೇಶನ ಪಾದಕ್ಕೆ ಶರಣು.

ಇದು ನನ್ನ ಮಗ ಸಿದ್ದೇಶ ಶಾಲೆಗೆ ಹೋಗುವಾಗಿನ ನೋಟಬುಕ್ಕು. ಮೊದಲ ಹಾಳೆಗಳಲ್ಲಿ ಅವನು ತೆಗೆದ ಕಪ್ಪೆ, ಹೃದಯ, ಬೇರಿನ ಚಿತ್ರ ಇವೆ. ಉಳಿದವು ಖಾಲಿ. ಏಳನೇ ಇಯತ್ತೆ ಬಿಟ್ಟ ಮೇಲೆ ನಾನು ಬರೆದದ್ದು ಅಂದರೆ ಲಗ್ನಪತ್ರಿಕೆ ಮೇಲಿನ ಹೆಸರು, ಅಷ್ಟೇ. ಯಾರೂ ಓದಲಿ ಅಂತ ಬರೆಯುತ್ತಿಲ್ಲ. ನಾಲ್ಕು ದಿನದಿಂದ ತಲೆಯಲ್ಲಿ ಒಂದೇ ಪ್ರಶ್ನೆ ಕೂತಿದೆ. ಹಾಳೆ ಮೇಲೆ ಇಳಿಸಿದರೆ ಅದರ ಮುಖವಾದರೂ ಕಾಣಬಹುದು.

ಇವರು ಮರದಿಂದ ಹೆಂಗೆ ಬಿದ್ದರು?

ನಮ್ಮ ಹೊಲ ಹಲಗೇರಿ ದಾಟಿ ಎರಡು ಮೈಲಿ. ಶೇಂಗಾ ಹಾಕಿದ್ದೇವೆ. ಹೊಲದ ನಡುವೆ ಹಳೆಯ ಹುಣಸಿ ಮರ, ಅದರ ಮೇಲೆ ಎರಡಾಳು ಎತ್ತರದಲ್ಲಿ ಹಲಗೆ ಜೋಡಿಸಿ ಕಟ್ಟಿದ ಮಂಚಿಗೆ. ರಾತ್ರಿ ಬರುವ ಹಂದಿಗೆ ಬ್ಯಾಟರಿ ತಂತಿಯ ಬೇಲಿ ಸಾಕು. ಚಿಗರಿ ಜಿಂಕೆಗಳು ಮಾತ್ರ ಬೆಳಕು ಹರಿಯುವ ಹೊತ್ತಿಗೆ ಹಿಂಡುಗಟ್ಟಿ ಬರುತ್ತವೆ, ಹಾರಿ ದಾಟುವ ಅವಕ್ಕೆ ತಂತಿ ಯಾವ ಲೆಕ್ಕ. ಹೊಡೆಯುವಂತಿಲ್ಲ, ಕಾಯ್ದೆ ಇದೆ. ಹೊಡೆಯುವ ಮನಸ್ಸೂ ನಮಗಿಲ್ಲ. ಮೇಲೆ ಕೂತು ನೋಡಿ, ಡಬ್ಬಿ ಬಡಿದು, ಕೂಗಿ ಓಡಿಸಬೇಕು. ಇವರು ಹತ್ತೊಂಬತ್ತು ವರ್ಷ ಆ ಮರ ಹತ್ತಿ ಇಳಿದಿದ್ದಾರೆ. ನಾನು ಒಮ್ಮೆಯೂ ಹತ್ತಿದವಳಲ್ಲ.

ಸೋಮವಾರ ಬೆಳಿಗ್ಗೆ ಬಾಜೂ ಹೊಲದ ಕನಕಪ್ಪ ಇವರನ್ನು ಮರದ ಬುಡದಲ್ಲಿ ಕಂಡು ಎತ್ತಿಕೊಂಡು ಬಂದ. ಎಡಗೈ ಮುರಿದಿದೆ, ಎರಡು ಪಕ್ಕೆಲುಬು ಸೀಳಿವೆ. ರಾಣೆಬೆನ್ನೂರಿನ ದವಾಖಾನೆಯಲ್ಲಿ ಪ್ಲಾಸ್ಟರ್ ಹಾಕಿ, ಆರು ವಾರ ಅಂದರು. ಹೆಂಗೆ ಬಿದ್ದಿರಿ ಅಂತ ನಾನು ಕೇಳಿದೆ.

"ಮ್ಯಾಲಿಂದ ಕೆಳಗ ಬಿದ್ದೆ."

ಅಷ್ಟೇ ಉತ್ತರ. ಇವತ್ತು ಗೌರಿ ಹಬ್ಬದ ಊಟಕ್ಕೆ ಕೂತಾಗ, ಪ್ಲಾಸ್ಟರ್ ಬಿಚ್ಚಿದ ಮೇಲೆ ಮತ್ತೆ ಹತ್ತುತ್ತೇನೆ ಅಂದರು. ಹೆಂಗೆ ಬಿದ್ದದ್ದು ಅಂತ ತಿಳಿಯುವವರೆಗೆ ಹತ್ತಲು ಬಿಡುವುದಿಲ್ಲ ಅಂದೆ. ನಗುತ್ತಾರೆ. ಪಕ್ಕೆ ನೋಯುವುದಕ್ಕೆ ನಗುವನ್ನು ಅರ್ಧಕ್ಕೇ ನಿಲ್ಲಿಸುತ್ತಾರೆ.

೯ ಸೆಪ್ಟೆಂಬರ್, ಸೋಮವಾರ

ಮಾಲತೇಶ ಕಾಪಾಡಿದ. ಅವನೇ ಹತ್ತಿಸಿದ, ಅವನೇ ಇಳಿಸಿದ.

ಮರ ಖಾಲಿ ಬಿಟ್ಟ ಒಂದು ವಾರದಲ್ಲಿ ಚಿಗರಿಗಳು ತೆಂಕಣ ಬದುವಿನ ಏಳೆಂಟು ಸಾಲು ಶೇಂಗಾ ಬೋಳಿಸಿವೆ. ಸಿದ್ದೇಶ ಬ್ಯಾಡಗಿ ಮೆಣಸಿನಕಾಯಿ ಪೇಟೆಯಲ್ಲಿ ಟೆಂಪೋ ಓಡಿಸುತ್ತಾನೆ, ಊರಿಗೆ ಬರುವುದು ವಾರಕ್ಕೊಮ್ಮೆ. ಸೊಸೆ ಗಂಗಾ ತಾನು ಹತ್ತುತ್ತೇನೆ ಅಂದಳು. ಬಿದ್ದರೆ ಅವಳ ತವರಿನವರಿಗೆ ನಾನು ಏನು ಹೇಳಲಿ? ನಾನೇ ಹೋದೆ.

ಸೀರೆಗೆ ಕಚ್ಚೆ ಹಾಕಿ, ಮೇಲೆ ಇವರ ಅಂಗಿ ತೊಟ್ಟುಕೊಂಡೆ. ನಿಚ್ಚಣಿಕೆಗೆ ಹನ್ನೊಂದು ಮೆಟ್ಟು. ಆರನೆಯದರ ಮೇಲೆ ನಿಂತು ದೇವರ ಹೆಸರು ಎಷ್ಟು ಸಲ ಹೇಳಿದೆನೋ. ಮೇಲೆ ಮುಟ್ಟಿ ಹಲಗೆ ಮೇಲೆ ಬೋರಲು ಬಿದ್ದವಳು ಚಿಗರಿ ಬಂದರೂ ಏಳಲಿಲ್ಲ, ಮಲಗಿದಲ್ಲಿಂದಲೇ ಡಬ್ಬಿ ಬಡಿದೆ. ಬಿಸಿಲು ಏರಿತು, ಇಳಿಯಲು ಧೈರ್ಯ ಬರಲಿಲ್ಲ. ಕನಕಪ್ಪ ಕೆಳಗೆ ಬಂದು ನಿಂತು ಮೇಲೆ ನೋಡಿದ.

"ಯಕ್ಕಾ, ಹಣ್ಣಾಗಿ ಉದರೂತನಕಾ ಕುಂದರಾಕಿ ಏನ?"

ಅವನು ನಿಚ್ಚಣಿಕೆ ಹಿಡಿದುಕೊಂಡ, ಇಳಿದೆ. 

೧೧ ಸೆಪ್ಟೆಂಬರ್, ಬುಧವಾರ

ಊರಲ್ಲಿ ಒಂದು ಮಾತು ಓಡಾಡುತ್ತಿದೆ. ಇವರ ಹೆಸರು ಹಿಡಿದು, ಮೈಲಪ್ಪ ಕುಡಿದು ಬಿದ್ದ ಅಂತ. ಹೇಳಿದವನು ಕನಕಪ್ಪ. ಹಾಲು ಹಾಕಲು ಹೋದಲ್ಲಿ ಅವನನ್ನೇ ಹಿಡಿದು ಕೇಳಿದೆ. ಬಾಯಿ ವಾಸನೆ ನೋಡಿದ್ಯಾ ಅಂದೆ. ನೋಡಿಲ್ಲ ಯಕ್ಕಾ, ಆದರೆ ಹತ್ತೊಂಬತ್ತು ವರ್ಷ ಬೀಳದ ಮನುಷ್ಯ ಬಿದ್ದ ಅಂದರೆ ಒಂದು ಕುಡಿದಿರಬೇಕು, ಇಲ್ಲಾ ಹುಣಸಿ ಮರದ ದೆವ್ವ ದೂಡಿರಬೇಕು, ಎರಡರಲ್ಲಿ ನಿಮಗೆ ಯಾವುದು ಬೇಕೋ ಅದನ್ನು ಹೇಳುತ್ತೇನೆ ಅಂದ.

ಮನೆಗೆ ಬಂದು ಇವರಿಗೆ ಹೇಳಿದೆ. ಸಿಟ್ಟು ಬರುತ್ತದೆ ಅಂದುಕೊಂಡಿದ್ದೆ. ಇವರು ಗೋಡೆ ಕಡೆ ನೋಡುತ್ತಾ, "ಹೌದು, ಕುಡದಿದ್ದೆ" ಅಂದರು.

ಹದಿನೈದು ವರ್ಷದ ಹಿಂದೆ ಮಾಲತೇಶನ ದೇವರಗುಡ್ಡದಲ್ಲಿ ಭಂಡಾರದ ಅರಿಶಿನ ಮುಟ್ಟಿ ಆಣೆ ಮಾಡಿ ಕುಡಿತ ಬಿಟ್ಟವರು. ಅವತ್ತಿನಿಂದ ಮದುವೆ ಮನೆಯಲ್ಲೂ ಮುಟ್ಟಿದ್ದಿಲ್ಲ. ಗಂಗಾ ಒಲೆ ಮುಂದೆ ಕೂತವಳು ಮೆಲ್ಲಗೆ ಅಂದಳು, "ಅತ್ತಿ, ಕುಡದವ್ರು ಕುಡದಿಲ್ಲ ಅಂತ ಸುಳ್ಳ ಹೇಳೂದು ನೋಡೇನಿ. ಕುಡೀದವ್ರು ಕುಡದೇನಿ ಅನ್ನೂದು ಇದ ಮೊದಲ."

ಹುಡುಗಿ ಹೇಳಿದ್ದು ಖರೇ. ಕುಡುಕ ಅನ್ನಿಸಿಕೊಂಡರೂ ಅಡ್ಡಿಯಿಲ್ಲ ಅನ್ನುವಂಥದ್ದು ಏನು ಮುಚ್ಚಿಟ್ಟಿದ್ದಾರೆ?

೧೪ ಸೆಪ್ಟೆಂಬರ್, ಶನಿವಾರ

ರಾಣೆಬೆನ್ನೂರಿನ ಯೂಸುಫಸಾಬರು ಇವರನ್ನು ನೋಡಲು ಬಂದಿದ್ದರು, ಜೊತೆಗೆ ಸೊಸೆ ನಜ್ಮಾ. ಲಾರಿ, ಟ್ರ್ಯಾಕ್ಟರಿಗೆ ಹೊದಿಸುವ ತಾಡಪತ್ರಿ ಹೊಲಿಯುವ ಮನೆತನ. ಇವರಿಗೆ ಮೂವತ್ತು ವರ್ಷದ ದೋಸ್ತಿ. ಹೆಂಗೆ ಬಿದ್ದೆ ಅಂತ ಅವರೂ ಕೇಳಿದರು. ಇವರು ಈ ಸಲ ನಿದ್ದೆ ಹತ್ತಿತ್ತು ಅಂದರು. ನನ್ನ ಮುಂದೆ ಕುಡಿತ, ದೋಸ್ತನ ಮುಂದೆ ನಿದ್ದೆ.

ನಾನು ಮರ ಹತ್ತುತ್ತಿದ್ದೇನೆ ಅಂತ ಕೇಳಿ ಯೂಸುಫಸಾಬರು ಚಹಾ ಅಲ್ಲಿಗೇ ಬಿಟ್ಟು, ಹೊಲಕ್ಕೆ ನಡೀರಿ ಅಂದರು. ಕಾಯ್ದೆ ಬರುವುದಕ್ಕಿಂತ ಮುಂಚೆ, ಅವರ ಅಜ್ಜ ಸಾವಕಾರರ ಜೋಡಿ ಶಿಕಾರಿಗೆ ಹೋಗುತ್ತಿದ್ದವರಂತೆ. ಮರದ ಮೇಲೆ ಎರಡೆರಡು ದಿನ ಕೂರುವವರು. ಅವರ ತಂಡದಲ್ಲಿ ಹಂದಿ ತಿವಿದು ಯಾರೂ ಸಾಯಲಿಲ್ಲ, ಮರದಿಂದ ಬಿದ್ದು ಮೂವರು ಹೋದರಂತೆ. ಮೂವರೂ ಬಿದ್ದದ್ದು ಕೂತಾಗ ಅಲ್ಲ. ಹತ್ತುವಾಗ ಒಬ್ಬ, ಇಳಿಯುವಾಗ ಇಬ್ಬರು. ಕೂತಾಗ ಭಯ ಇರುತ್ತದೆ ಅಕ್ಕಾರ, ಇಳಿಯುವಾಗ ಮನಸ್ಸು ಆಗಲೇ ಮನೆ ಮುಟ್ಟಿರುತ್ತದೆ ಅಂದರು.

ಮಂಚಿಗೆ ಕಟ್ಟಿದ ಹಗ್ಗವನ್ನು ಬೆರಳಿಂದ ತಿಕ್ಕಿದರೆ ಪುಡಿ ಉದುರಿತು, ಮೂರು ಮಳೆ ತಿಂದ ಹಗ್ಗ. ಹೊಸದು ಕಟ್ಟಿಸಿದರು. ಇವರು ಸೊಂಟಕ್ಕೆ ಕಟ್ಟುತ್ತಿದ್ದ ಹಗ್ಗ ನೋಡಿ ತಲೆ ಅಲ್ಲಾಡಿಸಿದರು. ಸೊಂಟಕ್ಕೊಂದೇ ಕಟ್ಟಿ ಬಿದ್ದರೆ ಹಗ್ಗ ಹೊಟ್ಟೆ ಹಿಂಡುತ್ತದೆ, ಇಲ್ಲಾ ಮನುಷ್ಯ ತಲೆಕೆಳಗಾಗುತ್ತಾನೆ. ತೊಡೆ, ಎದೆ, ಭುಜ ಎಲ್ಲಾ ಹಿಡಿಯುವ ಪಟ್ಟಿ ಬೇಕು, ಲಾರಿ ಪಟ್ಟಿಯಿಂದ ತಾವೇ ಹೊಲಿದು ಕೊಡುತ್ತೇವೆ ಅಂದರು. ನಜ್ಮಾ ನನ್ನ ಅಳತೆ ತೆಗೆದುಕೊಂಡಳು.

೧೭ ಸೆಪ್ಟೆಂಬರ್, ಮಂಗಳವಾರ

ಇವತ್ತು ಎದ್ದು ಕೂತೆ. ಹದಿನಾಲ್ಕು ಚಿಗರಿ. ಒಂದೇ ಗಂಡು, ಕರಿ ಬೆನ್ನು, ತಿರುಚಿದ ಕೊಂಬು, ಬಲಗಡೆ ತುದಿ ಮುರಿದಿದೆ. ಹೆಣ್ಣುಗಳು ಮೇಯುವಾಗ ಅದು ಮೇಯುವುದಿಲ್ಲ, ಮರದ ಕಡೆ ನೋಡುತ್ತಾ ನಿಲ್ಲುತ್ತದೆ. ನಾನು ಡಬ್ಬಿ ಎತ್ತುವುದಕ್ಕೂ ಮುಂಚೆ ಅದಕ್ಕೆ ಗೊತ್ತಾಗುತ್ತದೆ. ಹೆಂಗೆ?

೨೦ ಸೆಪ್ಟೆಂಬರ್, ಶುಕ್ರವಾರ

ಪಟ್ಟಿ ಬಂತು. ಯೂಸುಫಸಾಬರು ಮರದ ಕಡೆ ಹೋದಾಗ ನಜ್ಮಾ ಮನೆಯೊಳಗೆ ತೊಡಿಸಿದಳು. ಭುಜದ ಮೇಲೆ ಎರಡು, ಎದೆಗೊಂದು, ತೊಡೆಗೆರಡು, ಬೆನ್ನ ಹಿಂದೆ ಕಬ್ಬಿಣದ ಬಳೆ. ಕಚ್ಚೆ ಸೀರೆ ಮೇಲೆ ತೊಡೆ ಪಟ್ಟಿ ಬಿಗಿದಾಗ ನನಗೆ ನಾಚಿಕೆ ಆಯಿತು. ನನ್ನ ಮನಸ್ಸಿನಲ್ಲಿದ್ದದ್ದು ಇನ್ನೂ ಒಂದು, ಅದನ್ನೂ ಹೇಳಿಬಿಟ್ಟೆ. ದೇವರ ಹೆಸರು ಹೇಳಿ ಹತ್ತುವವಳು ನಾನು, ಹಿಂಗೆ ಬಿಗಿದುಕೊಂಡರೆ ಅವನನ್ನು ನಂಬಿಲ್ಲ ಅಂದಂಗೆ ಆಗುತ್ತದೆ.

ನಜ್ಮಾ ಬಾಯಲ್ಲಿ ಕಚ್ಚಿದ್ದ ದಾರ ತೆಗೆದು ಹೇಳಿದಳು, "ಅವನ ಮ್ಯಾಲೆ ಭಾರ ಹಾಕಬೇಕ್ರಿ ಅಮ್ಮಾ. ಅರವತ್ತೈದು ಕಿಲೋನೂ ಒಮ್ಮೆಲೆ ಹಾಕಬ್ಯಾಡ್ರಿ."

ಗಂಗಾ ಬಿದ್ದು ಬಿದ್ದು ನಕ್ಕಳು. ನಾನು ಅಷ್ಟಕ್ಕೆ ಬಿಡಲಿಲ್ಲ. ಹೊಲಕ್ಕೆ ಹೋದ ಮೇಲೆ ಯೂಸುಫಸಾಬರಿಗೂ ಹೇಳಿದೆ. ದೇವರಗುಡ್ಡದಲ್ಲಿ ಗೊರವಯ್ಯ ಎತ್ತರದ ಬಿಲ್ಲು ಏರಿ ವರ್ಷದ ಭವಿಷ್ಯ ಹೇಳುವ ಕಾರಣಿಕ ನುಡಿದು ಮೇಲಿಂದ ಬೀಳುತ್ತಾನೆ. ಅವನಿಗೆ ಯಾವ ಪಟ್ಟಿ ಇದೆ?

"ಕೆಳಗ ಎಷ್ಟ ಮಂದಿ ಕೈ ಒಡ್ಡಿ ನಿಂತಿರ್ತಾರ್ರಿ ಅಕ್ಕಾರ?"

ಲೆಕ್ಕವಿಲ್ಲದಷ್ಟು ಅಂದೆ.

"ಈ ಹುಣಸಿ ಬುಡಕ ಯಾರದಾರು?"

ನಮ್ಮ ನಾಯಿ ಇತ್ತು. ಅದೂ ಮಲಗಿತ್ತು.

ಕಾಂಡಕ್ಕೆ, ಮಂಚಿಗೆಯ ಮೇಲೆ ಕೂತ ನನ್ನ ತಲೆಗಿಂತ ಎತ್ತರದಲ್ಲಿ, ಗಿಡ್ಡ ಹಗ್ಗ ಕಟ್ಟಿ ಕೊಂಡಿ ಇಳಿಬಿಟ್ಟರು. ಉದ್ದ ಬಿಟ್ಟರೆ ಬೀಳುವ ದಾರಿಯೂ ಉದ್ದ. ನಿಚ್ಚಣಿಕೆಯ ಪಕ್ಕಕ್ಕೆ ಇನ್ನೊಂದು ಹಗ್ಗ. ಒಂದು ಕೊಂಡಿ ಹಾಕಿದ ಮೇಲೆಯೇ ಇನ್ನೊಂದನ್ನು ಬಿಚ್ಚಬೇಕು, ನಡುವೆ ಒಂದು ಉಸಿರು ಕೂಡ ಬಿಟ್ಟಿರಬಾರದು. ಕೈಯಲ್ಲಿ ಏನೂ ಹಿಡಿದು ಹತ್ತಬಾರದು. ಬುತ್ತಿ, ಕಂಬಳಿ, ಡಬ್ಬಿ ಎಲ್ಲಾ ಆಮೇಲೆ ಹಗ್ಗದಿಂದ ಎಳೆದುಕೊಳ್ಳಬೇಕು, ಇಳಿಯುವಾಗ ಮೊದಲು ಅವನ್ನು ಇಳಿಸಬೇಕು. ಅಕಸ್ಮಾತ್ ಜೋತುಬಿದ್ದರೆ ಸುಮ್ಮನೆ ಜೋತಾಡಬಾರದು, ಕೂಡಲೇ ಕಾಲಿಗೆ ಆಧಾರ ಹುಡುಕಬೇಕು, ಇಲ್ಲದಿದ್ದರೆ ತೊಡೆಯ ರಕ್ತ ನಿಲ್ಲುತ್ತದೆ. ಅದಕ್ಕೆ ಒಂದು ಕುಣಿಕೆಯನ್ನೂ ಹೊಲಿದಿದ್ದಾರೆ.

ಇವರು ಹಾಸಿಗೆಯಲ್ಲಿ ಮಲಗಿ ಎಲ್ಲಾ ಕೇಳಿಸಿಕೊಂಡರು. ಚಲೋ ಆತು ಅಂದರು. ಅದನ್ನು ಎರಡು ಸಲ ಅಂದರು.

೨೩ ಸೆಪ್ಟೆಂಬರ್, ಸೋಮವಾರ

ಇವತ್ತು ಬುತ್ತಿ, ಕಂಬಳಿ ಇಳಿಸುವಾಗ ಫಕ್ಕನೆ ಹೊಳೆಯಿತು. ಇವರು ಬಿದ್ದ ದಿನ ಕನಕಪ್ಪ ಇವರ ಕಂಬಳಿಯನ್ನೂ ಮನೆಗೆ ತಂದಿದ್ದ. ಅದು ಮಡಿಸಿತ್ತು. ಬುತ್ತಿ ಡಬ್ಬಿ ಅದರೊಳಗೇ ಕಟ್ಟಿತ್ತು. ಅಂದರೆ ಇವರು ಕಾವಲು ಮುಗಿಸಿ, ಮಡಿಸಿ, ಕಟ್ಟಿ, ಕೆಳಗಿಳಿಸಿದ ಮೇಲೆ ಬಿದ್ದಿದ್ದಾರೆ. ನಿದ್ದೆ ಹತ್ತಿದವರು ಕಂಬಳಿ ಮಡಿಸುತ್ತಾರಾ? ಸೊಂಟದ ಹಗ್ಗವೂ ಹರಿದಿರಲಿಲ್ಲ, ಮೇಲೆ ಟೊಂಗೆಗೇ ಸುತ್ತಿ ಇಟ್ಟಿತ್ತು.

ಹಂಗಾದರೆ ಇಳಿಯುವಾಗ ನಿಚ್ಚಣಿಕೆಯಿಂದ ಜಾರಿರಬೇಕು. ಕನಕಪ್ಪನನ್ನು ಕರೆದು ಎಲ್ಲಿ ಬಿದ್ದಿದ್ದರು ತೋರಿಸು ಅಂದೆ. ನಿಚ್ಚಣಿಕೆ ಇರುವುದು ಮರದ ತೆಂಕಣ ಕಡೆ. ಅವನು ಮರ ಸುತ್ತಿ ಹೋಗಿ ಬಡಗಣ ಕಡೆ ನಿಂತ. ತುಂಬೆ ಗಿಡ ನೆಲಕ್ಕೆ ಒತ್ತಿಕೊಂಡಿದ್ದು ಇನ್ನೂ ಹಂಗೇ ಇದೆ.

ಆ ಕಡೆ ಇಳಿಯುವ ದಾರಿಯೇ ಇಲ್ಲ.

೨೪ ಸೆಪ್ಟೆಂಬರ್, ಮಂಗಳವಾರ

ರಾತ್ರಿಯೆಲ್ಲಾ ಅದೇ ವಿಚಾರ. ಬೆಳಿಗ್ಗೆ ಒಂದು ಚೀಲಕ್ಕೆ ಹೊಟ್ಟು, ಮಣ್ಣು ತುಂಬಿ ಹಗ್ಗದಿಂದ ಮೇಲೆ ಎಳೆದುಕೊಂಡೆ. ನಿಚ್ಚಣಿಕೆ ತುದಿಯಿಂದ ಬಿಟ್ಟೆ, ತೆಂಕಣಕ್ಕೆ ಬಿತ್ತು. ಹಾಸಿಗೆ ಹಾಸುವ ಜಾಗದಿಂದ ದೂಡಿದೆ, ಮೂಡಣಕ್ಕೆ ಬಿತ್ತು. ಇಳಿದು, ಕಟ್ಟಿ, ಮತ್ತೆ ಎಳೆದುಕೊಂಡೆ. ಎಷ್ಟು ಸಲ ಹತ್ತಿ ಇಳಿದೆ ಅಂತ ಲೆಕ್ಕ ಇಡಲಿಲ್ಲ. ಮಂಚಿಗೆಯ ಯಾವ ಅಂಚಿನಿಂದ ಬಿಟ್ಟರೂ ಚೀಲ ಆ ತುಂಬೆ ಗಿಡದ ಹತ್ತಿರ ಹೋಗಲಿಲ್ಲ. ಅಲ್ಲಿಗೆ ಬೀಳಬೇಕಾದರೆ ಮಂಚಿಗೆ ಬಿಟ್ಟು ಬಡಗಣ ಟೊಂಗೆಯ ಮೇಲೆ ಮೂರ್ನಾಲ್ಕು ಹೆಜ್ಜೆ ಹೊರಗೆ ಹೋಗಬೇಕು.

ಕನಕಪ್ಪ ಬದುವಿನ ಮೇಲೆ ಕೂತು ಬಹಳ ಹೊತ್ತು ನೋಡಿ, "ಯಕ್ಕಾ, ಆ ಚೀಲಾ ಏನ್ ತಪ್ಪ ಮಾಡೇತಿ?" ಅಂದ. ಆಮೇಲೆ ತಾನೇ ಎದ್ದು ಬಂದು, ಬಿದ್ದ ಚೀಲವನ್ನು ಹಗ್ಗಕ್ಕೆ ಕಟ್ಟಿಕೊಟ್ಟ. ಅವನಿಗೂ ಹುಚ್ಚು ಹಿಡಿಯಿತು ಅಂತ ಕಾಣುತ್ತದೆ.

೨೮ ಸೆಪ್ಟೆಂಬರ್, ಶನಿವಾರ

ಇವರು ರೊಟ್ಟಿ ಉಣ್ಣುವಾಗ ಕೇಳಿದೆ, ಬಡಗಣ ಟೊಂಗೆ ಮೇಲೆ ಯಾಕೆ ಹೋಗಿದ್ದಿರಿ ಅಂತ.

ಕೈಯಲ್ಲಿನ ತುತ್ತು ಅಲ್ಲೇ ನಿಂತಿತು. ಹುಣಸಿಕಾಯಿ ಹರಿಯಲು ಅಂದರು. ಸೆಪ್ಟೆಂಬರಿನಲ್ಲಿ ಎಂಥ ಹುಣಸಿಕಾಯಿ, ಇನ್ನೂ ಬೆರಳುದ್ದವೂ ಆಗಿಲ್ಲ ಅಂದೆ. ತುತ್ತು ತಾಟಿಗೆ ಇಳಿಸಿದರು. ಆಮೇಲೆ, ಯಾಕೆ ಕೆದಕುತ್ತೀ, ಬಿದ್ದೆ, ಬದುಕಿದೆ, ಸಾಕು ಅಂದರು. ದನಿಯಲ್ಲಿ ಸಿಟ್ಟು ಇರಲಿಲ್ಲ, ಬೇಡಿಕೊಂಡಂಗೆ ಇತ್ತು.

ಇವರಿಗೆ ಸಾಕು ಇರಬಹುದು. ಹದಿನೆಂಟು ದಿನಕ್ಕೆ ಪ್ಲಾಸ್ಟರ್ ಬಿಚ್ಚುತ್ತಾರೆ. ಹತ್ತುವುದನ್ನಂತೂ ಬಿಡುವುದಿಲ್ಲ, ಹಿಂಗಾರಿ ಕಡಲೆ ಕಾಯಲೂ ಹೋಗುವವರೇ. ಹೋದರೆ ಮತ್ತೆ ಆ ಟೊಂಗೆಗೇ ಹೋಗುತ್ತಾರೆ. ಅಲ್ಲಿ ಏನಿದೆ?

೩ ಅಕ್ಟೋಬರ್, ಗುರುವಾರ

ಇವತ್ತು ನವರಾತ್ರಿಗೆ ಘಟ ಕೂಡಿಸುವ ದಿನ. ದೀಪ ನೋಡಿಕೊಳ್ಳುವುದನ್ನು ಗಂಗಾಗೆ ಒಪ್ಪಿಸಿ ಹೋದೆ. ಮೂವತ್ತು ವರ್ಷದಲ್ಲಿ ಆ ಬತ್ತಿಯನ್ನು ಬೇರೆ ಕೈಗೆ ಕೊಟ್ಟಿರಲಿಲ್ಲ. ಚೆನ್ನಾಗಿಯೇ ಉರಿಯುತ್ತಿದೆ.

ನಿಚ್ಚಣಿಕೆಯ ನಾಲ್ಕನೇ ಮೆಟ್ಟು ಸಡಿಲ ಇತ್ತು, ಬಿಗಿದೆ. ಮೇಲೆ ಹಗ್ಗ ತಿಕ್ಕಿ ನೋಡಿದೆ, ಕೊಂಡಿ ಎಳೆದು ನೋಡಿದೆ, ಆಮೇಲೆ ಏಳುಕೋಟಿ ಅಂದೆ. ಹೊಸದಾಗಿ ಎರಡು ಮರಿ ಬಂದಿವೆ, ಹದಿನಾರು ಆದವು. ತಾಯಿ ಮರಿಗಳನ್ನು ಹುಲ್ಲಿನಲ್ಲಿ ಮಲಗಿಸಿ ಮುಂದೆ ಹೋಗುತ್ತದೆ, ಅವು ಕಲ್ಲಿನಂಗೆ ಬಿದ್ದಿರುತ್ತವೆ. ಕನಕಪ್ಪ ಬದುವಿನ ಮೇಲೆ ಹೋಗುತ್ತಾ ಎರಡು ಮಾರು ದೂರದಲ್ಲಿ ದಾಟಿದ, ಅವನಿಗೆ ಕಾಣಲೇ ಇಲ್ಲ. ಮೇಲಿಂದ ನನಗೆ ಕಂಡಿತು. ಇದನ್ನು ಇವರಿಗೆ ಹೇಳಿದರೆ, ಎಡಗಿವಿ ಹರಿದ ಹೆಣ್ಣು ಇರಬೇಕು, ಅದು ಪ್ರತಿ ವರ್ಷ ಅಲ್ಲೇ ಮಲಗಿಸುತ್ತದೆ ಅಂದರು. ಹತ್ತಿಪ್ಪತ್ತು ನಿಮಿಷ ಅದೇ ಮಾತು. ನಾವಿಬ್ಬರೂ ಇಷ್ಟು ಹೊತ್ತು ಕೂತು ಮಾತಾಡಿ ಎಷ್ಟು ದಿನ ಆಗಿತ್ತೋ.

೬ ಅಕ್ಟೋಬರ್, ಭಾನುವಾರ

ಅಕ್ಷರ ಸೊಟ್ಟ ಬಂದರೆ ಬರಲಿ, ಇವತ್ತಿನದು ಇವತ್ತೇ ಬರೆಯಬೇಕು.

ನಿನ್ನೆ ಮಳೆ ಬಂದು ಇವತ್ತು ಬೆಳಿಗ್ಗೆ ಮುಗಿಲು ತೊಳೆದಿಟ್ಟಂಗೆ ಇತ್ತು. ಚಿಗರಿ ಓಡಿಸಿ, ಕಂಬಳಿ ಬುತ್ತಿ ಇಳಿಸಿದೆ. ಇವರು ಅವತ್ತು ಮಾಡಿದಂಗೇ ಮಾಡಿ ನೋಡಬೇಕು ಅನ್ನಿಸಿತು. ಗಿಡ್ಡ ಹಗ್ಗ ಬಡಗಣ ಟೊಂಗೆಯವರೆಗೆ ಮುಟ್ಟುವುದಿಲ್ಲ. ಅದಕ್ಕೆ ನಿಚ್ಚಣಿಕೆಯ ಪಕ್ಕದ ಎರಡನೇ ಹಗ್ಗವನ್ನು ಬಿಚ್ಚಿ ಅದರ ಮೇಲಿನ ದಪ್ಪ ಟೊಂಗೆಗೆ ಎಸೆದು ಕಟ್ಟಿ, ಜಗ್ಗಿ ನೋಡಿ, ಆ ಕೊಂಡಿ ಹಾಕಿದ ಮೇಲೆ ಮೊದಲಿನದನ್ನು ಬಿಚ್ಚಿದೆ. ಆಮೇಲೆ ಹೆಜ್ಜೆ ಇಟ್ಟೆ. ಒಂದು, ಎರಡು. ಆ ಕಡೆ ಬಿಸಿಲು ಬೀಳುವುದಿಲ್ಲ, ತೊಗಟೆಯ ಮೇಲೆಲ್ಲಾ ಪಾಚಿ. ಮೂರನೇ ಹೆಜ್ಜೆಗೆ ಎಲೆಯ ಗೊಂಚಲು ಸರಿಯಿತು.

ಗುಡ್ಡ ಕಂಡಿತು.

ನಮ್ಮ ದೇವರಗುಡ್ಡ. ದೂರದಲ್ಲಿ ಬೊಗಸೆಯಷ್ಟು, ನೀಲಿಗೆ, ತುದಿಯ ಮೇಲೆ ಬಿಸಿಲು. ನನ್ನ ತವರು ಅದರ ಬುಡದಲ್ಲಿ. ಮದುವೆ ಆಗುವವರೆಗೆ ಬಾಗಿಲು ತೆಗೆದರೆ ಕಾಣುತ್ತಿದ್ದದ್ದು ಅದೇ. ಇಲ್ಲಿಂದ ಕಾಣುತ್ತದೆ ಅಂತ ನನಗೆ ಗೊತ್ತೇ ಇರಲಿಲ್ಲ. ನಾನು ಏನೂ ವಿಚಾರ ಮಾಡಲಿಲ್ಲ. ಎರಡೂ ಕೈ ತಾವೇ ಮೇಲೆದ್ದವು.

ಕಾಲು ಜಾರಿತು.

ಒಂದು ಗೇಣು ಇಳಿದಿರಬೇಕು, ಅಷ್ಟೇ. ಪಟ್ಟಿ ಹಿಡಿಯಿತು. ತೊಡೆಗೆ ಬರೆ ಎಳೆದಂಗಾಯಿತು, ಬಾಯಿಂದ ಉಸಿರು ಹೊರಗೆ ಹೋಗಿ ಮತ್ತೆ ಬರಲಿಲ್ಲ. ಕೆಳಗೆ ಆ ತುಂಬೆ ಗಿಡವೇ ಇತ್ತು, ನನ್ನ ಕಾಲಿನ ನೇರಕ್ಕೆ. ಯೂಸುಫಸಾಬರು ಹೇಳಿದ್ದು ನೆನಪಾಗಿ ಕುಣಿಕೆಗೆ ಕಾಲು ಕೊಟ್ಟೆ, ಟೊಂಗೆ ತಬ್ಬಿದೆ, ಮಂಚಿಗೆಗೆ ಮೊಣಕಾಲು ಊರಿದೆ. ಹಲಗೆ ಮೇಲೆ ಬಹಳ ಹೊತ್ತು ಕೂತೆ.

ಕೂತಾಗ ನೆನಪಾಯಿತು. ಈ ವರ್ಷ ಶೇಂಗಾ ಬಿತ್ತಿದ ಹೊಸದರಲ್ಲಿ ಒಂದು ಬೆಳಿಗ್ಗೆ ಇವರು ಮರದಿಂದ ಬಂದು, ಎದುರಿನ ಒಂದು ಟೊಂಗೆ ಗಾಳಿಗೆ ಮುರಿದದ್ದಕ್ಕೆ ನಿನ್ನ ತವರಿನ ಕಡೆಯದೆಲ್ಲಾ ಕಾಣುತ್ತದೆ ಅಂದಿದ್ದರು. ಗುಡ್ಡದ ಹೆಸರು ಹೇಳಿದ್ದರೋ ಏನೋ, ನಾನು ಹಿಟ್ಟು ನಾದುತ್ತಿದ್ದೆ, ಅರ್ಧ ಕೇಳಿದೆ. ಹಂಗಾದರೆ ದಿನಾ ನನ್ನ ಹೆಸರಿನಲ್ಲೂ ಆ ದಿಕ್ಕಿಗೆ ಕೈ ಮುಗಿದು ಬರ್ರಿ ಅಂದೆ. ಒಂದು ಕೈಯಲ್ಲಿ ಟೊಂಗೆ ಹಿಡಿದು ಇನ್ನೊಂದು ಕೈ ಹಣೆಗೆ ಹಚ್ಚುತ್ತೇನೆ ಅಂದರು. ಅದಕ್ಕೆ ನಾನು ಏನು ಅಂದೆ? ಅದೇನು ಪೊಲೀಸಪ್ಪಗೆ ಸಲಾಮು ಹೊಡೆದಂಗೆ, ದೇವರಿಗೆ ಎರಡೂ ಕೈ ಎತ್ತಬೇಕು ಅಂದೆ. ನಗುತ್ತಾ ಅಂದೆ. ಅಂದು ಮರೆತೂ ಬಿಟ್ಟೆ.

ಇವರು ಮರೆಯಲಿಲ್ಲ.

೮ ಅಕ್ಟೋಬರ್, ಮಂಗಳವಾರ

ಒಂದು ದಿನ ಸುಮ್ಮನಿದ್ದೆ. ಇವತ್ತು ಗಂಗಾ ನೀರಿಗೆ ಹೋದಾಗ ಇವರ ಎದುರು ಕೂತೆ.

"ಗುಡ್ಡಾ ಕಾಣಸ್ತರಿ."

ಚಹಾದ ಬಟ್ಟಲು ಕೆಳಗಿಟ್ಟರು. "ಎಲ್ಲಿಂದ?"

"ಬಡಗಣ ಟೊಂಗಿ ಮ್ಯಾಲಿಂದ."

ಪ್ಲಾಸ್ಟರಿನ ಕೈಯನ್ನು ಮಡಿಲಿಗೆ ಎಳೆದುಕೊಂಡರು. ಆಮೇಲೆ, "ಕೈ ಬಿಟ್ಟಿಯೇನು?" ಅಂದರು.

"ಎರಡೂ."

ನನ್ನನ್ನು ತಲೆಯಿಂದ ಕಾಲಿನವರೆಗೆ ನೋಡಿದರು, ಎಲ್ಲಾ ಜಾಗದಲ್ಲಿ ಇದ್ದೇನೋ ಇಲ್ಲವೋ ಅಂತ. "ಪಟ್ಟಿ ಇತ್ತ?" ಇತ್ತು ಅಂದೆ. ಆವಾಗ ಉಸಿರು ಬಿಟ್ಟರು.

ಯಾಕೆ ಹೇಳಲಿಲ್ಲ ಅಂತ ಕೇಳಿದೆ. ಊರ ಮಂದಿ ಕುಡುಕ ಅಂದರೂ ಹೌದು ಅಂತ ಕೂತಿರಲ್ಲ ಅಂದೆ.

"ಕುಡದ ಬಿದ್ದ ಅಂದ್ರ ನಾಕ ದಿನಾ ನಗತಾರ, ಬಿಡತಾರ. ಕೈ ಮುಗ್ಯಾಕ ಹೋಗಿ ಬಿದ್ದ ಅಂದ್ರ ನೀ ಏನ್ ಮಾ‌ಡತಿದ್ದಿ? ದೀಪಾ ಹಚ್ಚಾಕ ಕುಂತಾಗೆಲ್ಲಾ ನನ್ನ ಈ ಮುರದ ಕೈ ಕಾಣತಿತ್ತು ನಿನಗ. ನಿನ್ನ ಕೈ ಏಳತಿರಲಿಲ್ಲ."

"ಮುಗೀರಿ ಅಂತ ಹೇಳಿದಾಕಿ ನಾನ ಅಲ್ಲೇನ್ರಿ?"

"ಅದಕ್ಕ ಹೇಳಲಿಲ್ಲ."

ಅಳು ಬರಬೇಕಿತ್ತು, ಸಿಟ್ಟು ಬಂತು. ನನ್ನ ನಂಬಿಕೆ ಅಷ್ಟು ಹಗುರ ಅಂತ ತಿಳಿದಿರೇನು ಅಂದೆ. ನಿನ್ನದಲ್ಲ ಅಂದರು. ಬೀಳುವಾಗ ತನಗೇ ಅನ್ನಿಸಿತಂತೆ, ಅವನಿಗೇ ಮುಗಿಯುತ್ತಿದ್ದೇನೆ, ಅವನೇ ಕೈ ಬಿಟ್ಟನಲ್ಲ ಅಂತ. ಅವತ್ತಿನಿಂದ ಮನೆಯ ದೇವರ ಜಗಲಿಯ ಮುಂದೆ ನಿಂತಾಗಲೂ ಅದೇ ಬರುತ್ತದಂತೆ. ತಲೆ ಬಗ್ಗಿಸಿ ಹೇಳಿದರು.

ನಾನು ವಿಚಾರ ಮಾಡದೇ ಹೇಳಿದೆ, "ಅವ ಬಿಡಲಿಲ್ರಿ. ನೀವು ಹಗ್ಗಾ ಬಿಚ್ಚಿದ ಮ್ಯಾಲೆ ಟೊಂಗಿಗೆ ಹ್ವಾದ್ರಿ, ಅಷ್ಟ. ಪಟ್ಟಿ ಇರಲಿಲ್ಲಂದ್ರ ನಾನೂ ಅಲ್ಲೇ ಬೀಳತಿದ್ದೆ, ಅದ ತುಂಬಿ ಗಿಡದ ಮ್ಯಾಲೆ."

ಇವರು ತಲೆ ಎತ್ತಿ ನನ್ನನ್ನು ನೋಡಿದರು. ಪಟ್ಟಿ ತೊಡುವಾಗ ನಾನು ಅಂದದ್ದು ನೆನಪಾಯಿತೋ ಏನೋ.

೧೨ ಅಕ್ಟೋಬರ್, ಶನಿವಾರ

ಬನ್ನಿ ಕೊಡಲು ಕನಕಪ್ಪ ಬಂದ. ಕಾಲು ಮುಟ್ಟಿದ. ಬನ್ನಿ ತಗೊಂಡು ಬಂಗಾರದಂಗೆ ಇರೋಣ ಅಂದ ಮೇಲೆ ನಾನು ಹೇಳಿದೆ, ನಿಮ್ಮಣ್ಣ ಕುಡಿದಿರಲಿಲ್ಲ, ಮಲಗಿರಲಿಲ್ಲ, ಮಿಕ್ಕಿದ್ದನ್ನು ಹೇಳುವುದು ಅವರಿಗೆ ಬಿಟ್ಟದ್ದು. ಅವನು ಒಳಗೆ ಹೋಗಿ ಇವರ ಹತ್ತಿರ ಕೂತ. ಏನು ಮಾತಾಡಿದರೋ. ಹೋಗುವಾಗ ತನ್ನ ಸೊಂಟಕ್ಕೂ ತೊಡೆಗೂ ದಾರ ಸುತ್ತಿ ಗಂಗಾ ಕೈಯಿಂದ ಅಳತೆ ಬರೆಸಿಕೊಂಡು ಹೋದ, ನಜ್ಮಾಗೆ ಕಳಿಸಬೇಕಂತೆ. ಅವನ ಹೊಲದ ಬೇವಿನ ಮರ ನಮ್ಮದಕ್ಕಿಂತ ಎತ್ತರ.

೧೭ ಅಕ್ಟೋಬರ್, ಗುರುವಾರ

ನಿನ್ನೆ ಪ್ಲಾಸ್ಟರ್ ಬಿಚ್ಚಿದರು. ಎಡಗೈ ಸಣ್ಣಗಾಗಿದೆ, ಬೆಳ್ಳಗಾಗಿದೆ. ಹದಿನೈದು ದಿನ ಭಾರ ಎತ್ತಬಾರದು. ಇವರು ಬೆಳಿಗ್ಗೆ ಎದ್ದು ಚೆಂಡು ಹಿಚುಕುತ್ತಾ ಕೂರುತ್ತಾರೆ. ಚಿಗರಿ ಎಷ್ಟು ಬಂದಿದ್ದವು, ಕರಿ ಗಂಡು ಎಲ್ಲಿ ನಿಂತಿತ್ತು, ಗಾಳಿ ಯಾವ ಕಡೆಯದು, ದಿನಾ ಕೇಳುತ್ತಾರೆ. ಗಾಳಿ ಅದರ ಕಡೆಯಿಂದ ನಮ್ಮ ಕಡೆ ಬೀಸುವಂಗೆ ಕೂತರೆ ಅದಕ್ಕೆ ವಾಸನೆ ಹೋಗುವುದಿಲ್ಲ ಅಂತ ಹೇಳಿಕೊಟ್ಟರು. ಹತ್ತೊಂಬತ್ತು ವರ್ಷ ಇದನ್ನೆಲ್ಲಾ ಯಾರಿಗೂ ಹೇಳದೇ ಇಟ್ಟುಕೊಂಡಿದ್ದರು. ನಾನೂ ಕೇಳಿರಲಿಲ್ಲ.

೩ ನವೆಂಬರ್, ಭಾನುವಾರ

ನಾಳೆ ಶೇಂಗಾ ಕೀಳುವ ಆಳು ಬರುತ್ತಾರೆ. ಇವತ್ತು ಕಡೆಯ ಕಾವಲು. ಒಂದೇ ಸಲ ಹತ್ತಿ ನೋಡುತ್ತೇನೆ ಅಂದರು. ಸೆಪ್ಟೆಂಬರಿನಲ್ಲಿ ಬಿಡುವುದಿಲ್ಲ ಅಂದವಳು ನಾನೇ, ಇವತ್ತು ಪಟ್ಟಿ ತಂದು ಮುಂದಿಟ್ಟೆ. ನನ್ನ ಅಳತೆಯದು, ಇವರಿಗೆ ಎದೆಯಲ್ಲಿ ಬಿಗಿ. ಹಲ್ಲು ಕಚ್ಚಿ ಎಳೆದು ಹಾಕಿದೆ. ಅತ್ತಿಯ ಮೈಗೆ ಇದಕ್ಕಿಂತ ಚೆಂದ ಒಪ್ಪುತ್ತಿತ್ತು ಮಾಮಾ ಅಂತ ಗಂಗಾ ಬಾಗಿಲಿಂದ ಅಂದಳು.

ಹೊಲದಲ್ಲಿ ಇನ್ನೂ ಮಬ್ಬು ಬೆಳಕು. ಇವರು ಒಂದೊಂದೇ ಮೆಟ್ಟು ಹತ್ತಿದರು. ಎಡಗೈ ಮೇಲೆ ನಂಬಿಕೆ ಇಲ್ಲ, ಮುಟ್ಟಿ ಮುಟ್ಟಿ ಹಿಡಿಯುತ್ತಿದ್ದರು. ನಾನು ಕೆಳಗೆ ನಿಂತು ಪ್ರತಿ ಮೆಟ್ಟಿಗೂ ಕೊಂಡಿ ಸರಿಸಿದಿರೇನು ಅಂತ ಕೇಳಿದೆ. ಏಳನೇ ಮೆಟ್ಟಿನಲ್ಲಿ ನಿಂತು, ನಿನಗೆ ಮರದ ಇನಸ್ಪೆಕ್ಟರ್ ನೌಕರಿ ಯಾವಾಗ ಸಿಕ್ಕಿತು ಅಂದರು. ಮಂಚಿಗೆ ಮುಟ್ಟಿದರು. ಬುತ್ತಿ ಎಳೆದುಕೊಂಡರು. ಚಿಗರಿ ಬಂದವು, ಹೋದವು, ಡಬ್ಬಿಯ ಸಪ್ಪಳ ಕೇಳಿತು. ಬಿಸಿಲು ಬಿತ್ತು. ಕಂಬಳಿ, ಬುತ್ತಿ ಇಳಿದು ಬಂದವು. ನಾನು ಮರದ ಬಡಗಣ ಕಡೆಗೆ ಹೋಗಿ ನಿಂತೆ.

"ಎರಡನೇದು ಹಾಕ್ರಿ."

"ಹಾಕೇನಿ."

"ಜಗ್ಗಿ ತೋರಸ್ರಿ."

ಮೇಲಿನ ದಪ್ಪ ಟೊಂಗೆ ಅಲ್ಲಾಡಿತು, ಹಳದಿ ಎಲೆ ನನ್ನ ತಲೆ ಮೇಲೆ ಉದುರಿದವು. ಮೊದಲಿನ ಕೊಂಡಿ ಬಿಚ್ಚಿದ ಸಪ್ಪಳ. ಆಮೇಲೆ ಹೆಜ್ಜೆ. ಒಂದು, ಎರಡು, ಮೂರು.

ಎಲೆಗಳ ನಡುವೆ ಇವರ ಎರಡೂ ಕೈ ಮೇಲೆದ್ದವು, ಎಡಗೈ ಸ್ವಲ್ಪ ತಡವಾಗಿ. ನಾನು ಕರೆಯಲಿಲ್ಲ.